ಸುಮ್ಮನಿದ್ದ ಪೆಟ್ಟಿಗೆ

"ಸ್ವಲ್ಪ ಬೇಗ ಕಾಲು ಹಾಕಿ ಮಾರಾಯ್ರೆ. ಇದು ಮದುವೆ ದಿಬ್ಬಣ ಅಲ್ಲ."

ತ್ರಿವಿಕ್ರಮ ನಡಿಗೆ ಬದಲಿಸಲಿಲ್ಲ. ಎದೆಯ ಮೇಲೆ ತೂಗುತ್ತಿದ್ದ, ವಿಕಿರಣ ಅಳೆಯುವ ಪೆಟ್ಟಿಗೆ ಟಿಕ್ ಎಂದಿತು. ತಡೆದು ಮತ್ತೆ ಟಿಕ್ ಎಂದಿತು. ಏನೂ ಇಲ್ಲದ ಕಡೆಯಲ್ಲೂ ಅದು ಹೀಗೆ ಆಗೊಮ್ಮೆ ಈಗೊಮ್ಮೆ ಟಿಕ್ ಅನ್ನುತ್ತಲೇ ಇರುತ್ತಿತ್ತು. ಗೇಟಿನಿಂದ ಎರಕದ ಶೆಡ್ಡಿನವರೆಗೆ ಮಣ್ಣಿನ ದಾರಿ, ಪಕ್ಕದಲ್ಲಿ ತುಕ್ಕು ಹಿಡಿದ ಅಚ್ಚುಗಳ ರಾಶಿ. ಹಿಂದೆ ಏಕಾಂತಪ್ಪ, ಅಂಗೈಯಲ್ಲಿ ಗಡಿಯಾರ ಹಿಡಿದುಕೊಂಡು. ಶಿವಮೊಗ್ಗದ ಕಚೇರಿಗೆ ಹೊಸದಾಗಿ ಬಂದ ಅಧಿಕಾರಿ. ಒಂದು ತಪಾಸಣೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಕಣ್ಣಾರೆ ನೋಡಿ, ಎಲ್ಲ ಇನ್ಸ್‌ಪೆಕ್ಟರುಗಳಿಗೂ ತಿಂಗಳ ಗುರಿ ಗೊತ್ತುಮಾಡಲು ಬಂದಿದ್ದರು.

ಇಬ್ಬರೇ ನಡೆಯುತ್ತಿದ್ದರು. ತ್ರಿವಿಕ್ರಮನಿಗೆ ಮೂರನೆಯವನ ಚಪ್ಪಲಿಯ ಸದ್ದೂ ಕೇಳಿಸುತ್ತಿತ್ತು. ಅವನು ತಿರುಗಿ ನೋಡಲಿಲ್ಲ. ನೋಡಿದಾಗ ಯಾರೂ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಶೆಡ್ಡಿನ ಮೂಲೆಯಲ್ಲಿ ಸೀಸದ ಕೊಡ. ಅದರೊಳಗೆ ಅವರೆಕಾಳಿನಷ್ಟು ದೊಡ್ಡ ಲೋಹದ ಮಾತ್ರೆ. ಅದರ ಕಿರಣ ಹಾಯಿಸಿ ದಪ್ಪ ಎರಕದ ಒಳಗಿನ ಬಿರುಕನ್ನು ಫೋಟೋದಲ್ಲಿ ಹಿಡಿಯುತ್ತಿದ್ದರು. ಕೆಲಸವಿಲ್ಲದಾಗ ಮಾತ್ರೆ ಕೊಡದೊಳಗೇ ಇರಬೇಕು. ಇದೆಯೋ ಇಲ್ಲವೋ ನೋಡುವುದು ತ್ರಿವಿಕ್ರಮನ ಕೆಲಸ. ಕೊಡದ ಸುತ್ತ ಬಂದ. ಟಿಕ್‌ಗಳು ಸ್ವಲ್ಪ ಒತ್ತೊತ್ತಾದವು, ದೂರ ಸರಿದಾಗ ವಿರಳವಾದವು. ಎಲ್ಲ ಸರಿಯಿತ್ತು.

"ಕೊಡದ ಹತ್ರ ನೀವು ನಿಂತಿದ್ದು ಒಂದು ಗಳಿಗೆ," ಜೀಪಿನ ಚಾಲಕನ ಸೀಟಿಗೆ ಹತ್ತುತ್ತಾ ಏಕಾಂತಪ್ಪ ಹೇಳಿದರು. "ಉಳಿದದ್ದೆಲ್ಲ ವಾಯುವಿಹಾರ. ಜೀಪು ಬಾಗಿಲ ತನಕ ಹೋಗುತ್ತೆ. ಅಲ್ಲಿ ಇಳೀರಿ, ಪೆಟ್ಟಿಗೆ ಹಚ್ಚಿ, ನೋಡಿ, ಬನ್ನಿ. ಈಗ ಮಾಡೋದರ ಎರಡರಷ್ಟು ಮಾಡಬಹುದು."

"ದೂರದಿಂದಲೇ ಹಚ್ಕೊಂಡು ಬರಬೇಕು ಸಾರ್. ಟಿಕ್ ಬೆಳೆಯೋದು ಕಿವಿಗೆ ಬೀಳಬೇಕು."

"ನಿಮ್ಮ ಜೊತೆಗಿದ್ದ ಇನ್ಸ್‌ಪೆಕ್ಟರ್ ಚೌಡಯ್ಯ ನಡೀತಿದ್ನಾ? ಅವನಷ್ಟು ತಪಾಸಣೆ ಈ ಕಡೆ ಯಾರೂ ಮಾಡಿಲ್ಲ. ಅವನದನ್ನೇ ಅಳತೆ ಇಟ್ಕೊಂಡಿದೀನಿ ನಾನು."

ತ್ರಿವಿಕ್ರಮ ಪೆಟ್ಟಿಗೆಯನ್ನು ಬಂದ್ ಮಾಡಿ ತೊಡೆಯ ಮೇಲಿಟ್ಟುಕೊಂಡ. ಜೀಪು ಮಾಚೇನಹಳ್ಳಿ ದಾಟಿ ಭದ್ರಾವತಿ ಕಡೆ ಹೊರಟಿತು. ಹಿಂದಿನ ಸೀಟಿನಿಂದ ಹೊಗೆಸೊಪ್ಪಿನ ವಾಸನೆ ಬಂತು. ಅಲ್ಲಿ ಯಾರೂ ಇರಲಿಲ್ಲ. ಚೌಡಯ್ಯ ಅಲ್ಲೇ ಕೂರುತ್ತಿದ್ದ.

"ಚೌಡಯ್ಯ ಸತ್ತಿದ್ದು ಹೇಗೆ ಅಂತ ಗೊತ್ತಾ ಸಾರ್?"

"ರಕ್ತದ ಕಾಯಿಲೆ ಅಂದ್ರಪ್ಪ."

"ಜೀಪು ಬಾಗಿಲ ತನಕ ಹೋಗಿತ್ತು. ಒಳಗೆ ಹೋಗಿ ಪೆಟ್ಟಿಗೆ ಹಚ್ಚಿದ. ಅದು ಟಿಕ್ ಅನ್ನಲೇ ಇಲ್ಲ. ಏನೂ ಇಲ್ಲ ಅಂತ ಅಲ್ಲೇ ಕೂತು ಎಲೆ ಅಡಿಕೆ ಹಾಕ್ಕೊಂಡ. ಮಾತ್ರೆ ಕೊಡದಲ್ಲಿ ಇರಲಿಲ್ಲ. ಅವನು ಕೂತಿದ್ದ ಅಚ್ಚಿನ ಸಂದಿಲಿ ಬಿದ್ದಿತ್ತು."

"ಹಾಗಿದ್ರೆ ಪೆಟ್ಟಿಗೆ ಕೂಗಬೇಕಿತ್ತಲ್ರೀ."

"ಕಿರಣ ಕಮ್ಮಿ ಇದ್ರೆ ಕೂಗುತ್ತೆ. ವಿಪರೀತ ಇದ್ರೆ ಉಸಿರು ಕಟ್ಟಿದ ಹಾಗೆ ಸುಮ್ಮನಾಗಿಬಿಡುತ್ತೆ. ನಡ್ಕೊಂಡು ಬಂದವನಿಗೆ ಅದು ಅರಚಿ ಅರಚಿ ನಿಂತಿದ್ದು ಗೊತ್ತಾಗುತ್ತೆ. ಜೀಪಲ್ಲಿ ಬಂದವನಿಗೆ ಗೊತ್ತಾಗಲ್ಲ."

ಏಕಾಂತಪ್ಪ ಕೆಲಹೊತ್ತು ಮಾತಾಡಲಿಲ್ಲ. ಆ ಮೌನ ತ್ರಿವಿಕ್ರಮನಿಗೆ ಹಿಡಿಸಲಿಲ್ಲ. ಮನೆಯಲ್ಲೂ ಹಾಗೆಯೇ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತರೆ ಎದ್ದು ಹೋಗಿ ನೋಡುತ್ತಿದ್ದ. "ಏನ್ರೀ ಇದು, ನಾನು ಅಕ್ಕಿ ಆರಿಸೋ ಹಾಗೂ ಇಲ್ವಾ?" ಎಂದು ಹೆಂಡತಿ ಸೀತಾ ಬೈಯುತ್ತಿದ್ದಳು. ಸದ್ದು ನಿಂತಲ್ಲೆಲ್ಲ ಅವನಿಗೆ ಆಸ್ಪತ್ರೆಯ ಮಂಚದ ಮೇಲಿನ ಚೌಡಯ್ಯನ ದನಿ ಕೇಳುತ್ತಿತ್ತು: ಏನೂ ಇಲ್ಲ ಕಣೋ, ನಡಿ.

"ಅಪರೂಪಕ್ಕೆ ಒಂದು ಹಾಗಾಗುತ್ತೆ," ಕೊನೆಗೆ ಏಕಾಂತಪ್ಪ ಮೆಲ್ಲಗೆ ಹೇಳಿದರು. "ನಾನು ಕೆಟ್ಟವನಲ್ಲ ಮಾರಾಯ್ರೆ. ಎಷ್ಟೋ ಕಾರ್ಖಾನೆಗೆ ವರ್ಷವಾದ್ರೂ ಯಾರೂ ಕಾಲಿಟ್ಟಿಲ್ಲ. ಅಲ್ಲಿನ ಕೂಲಿಗಳೂ ಮನುಷ್ಯರೇ ಅಲ್ವಾ? ಇರೋ ನಾಲ್ಕು ಜನ ಎಲ್ಲಾ ಕಡೆ ಮುಟ್ಟೋದು ಹೇಗೆ?"

ತ್ರಿವಿಕ್ರಮ ಪೆಟ್ಟಿಗೆಯ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ.

"ನಾಲ್ವರಲ್ಲಿ ನೀವೇ ಹಿರಿಯರು. ಮುಂದಿನ ತಪಾಸಣೆ ಬಾಗಿಲಿಂದ ಶುರು ಮಾಡಿ. ಅದೇ ಅಳತೆ ಅಂತ ನೀವು ಒಪ್ಪಿದ್ರೆ ಉಳಿದವರು ತಕರಾರು ತೆಗೆಯಲ್ಲ. ನಿಮ್ಮನ್ನ ಶಿವಮೊಗ್ಗಕ್ಕೆ ಕರೆಸ್ಕೋತೀನಿ. ಕುರ್ಚಿ ಕೆಲಸ. ಈ ಪೆಟ್ಟಿಗೆ ಮುಟ್ಟೋದೇ ಬೇಡ."

ಪೆಟ್ಟಿಗೆ ಮುಟ್ಟದ ಒಂದು ದಿನವನ್ನು ತ್ರಿವಿಕ್ರಮ ಊಹಿಸಿಕೊಂಡ. ಕಚೇರಿಯ ಮುಂದಿನ ಸವಳಂಗ ರಸ್ತೆಯ ಗಲಾಟೆ, ಕಿಟಕಿ, ಮಧ್ಯಾಹ್ನದ ಕಾಫಿ. ಅವನಿಗೆ ಅದು ಬೇಕಿತ್ತು.

ಜೀಪು ನಿಧಾನವಾಯಿತು. ಮುಂದೆ ಗೇಟು. ಚೌಡಯ್ಯ ಕೊನೆಯ ಸಲ ತಪಾಸಣೆ ಮಾಡಿದ್ದ ಕಾರ್ಖಾನೆ.

"ಇಲ್ಲೇ ನಿಲ್ಸಿ ಸಾರ್."

ಅವನು ಇಳಿದು ಪೆಟ್ಟಿಗೆ ಹಚ್ಚಿದ. ಸದ್ದಿಲ್ಲ. ಕಾದ. ಗೇಟಿನವನು ಸಲಾಮು ಹೊಡೆದದ್ದು ಅವನಿಗೆ ಕಾಣಲಿಲ್ಲ. ಹೊಗೆಸೊಪ್ಪಿನ ವಾಸನೆ ಕಿವಿಯ ಪಕ್ಕಕ್ಕೆ ಬಂತು. ಏನೂ ಇಲ್ಲ ಕಣೋ, ನಡಿ.

ಟಿಕ್.

ಅವನು ಉಸಿರು ಬಿಟ್ಟ. ಶೆಡ್ಡಿನ ತೆರೆದ ಬಾಗಿಲು ದೂರದಲ್ಲಿ ಕಪ್ಪಗಿತ್ತು. ಏಕಾಂತಪ್ಪ ಗಡಿಯಾರ ನೋಡಿಕೊಂಡು, ಬಾಗಿ, ಅವನ ಕಡೆಯ ಸೀಟನ್ನು ಕೈಯಿಂದ ತಟ್ಟಿದರು.

"ಬನ್ನಿ ಮಾರಾಯ್ರೆ. ಇದೊಂದು ಸಲ. ಬಾಗಿಲಿಗೇ ಬಿಡ್ತೀನಿ, ಹತ್ತಿ."

"ಹತ್ತಲ್ಲ," ಅಂದ ತ್ರಿವಿಕ್ರಮ.