ನಿಮ್ಮದೇ ಮನೆ ಅಂದ್ಕೊಳ್ಳಿ

ನನ್ನ ಬಾಯಿ ಒಳ್ಳೆಯದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರಿಂದ ಕೇಳಿ ನೀವು ಬೇಜಾರು ಮಾಡಿಕೊಳ್ಳುವುದು ಬೇಡ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು ನಾನು. ಬಾಗಿಲಲ್ಲಿ ಜೋತುಬಿದ್ದವರನ್ನು ಒಳಗೆ ತಳ್ಳಿ, ಒಳಗೆ ಗೊರಕೆ ಹೊಡೆಯುವವರನ್ನು ಹೊರಗೆ ಇಳಿಸಿ, ಚಿಲ್ಲರೆ ಇಲ್ಲ ಎಂದವರ ಜನ್ಮ ಜಾಲಾಡಿ ಸಂಸಾರ ನಡೆಸಿದವಳು. ಅಷ್ಟು ವರ್ಷದಲ್ಲಿ ಯಾರಿಗಾದರೂ ಒಂದು ಸಿಹಿ ಮಾತು ಆಡಿದ ನೆನಪಿಲ್ಲ. ಆಮೇಲೆ ಒಂದೇ ಒಂದು ಸಲ ಆಡಿದೆ. ಅನುಭವಿಸಿದೆ.

ನಿವೃತ್ತಿಯಾದಾಗ ನನಗಿದ್ದದ್ದು ಒಂದೇ ಆಸೆ, ಸ್ವಂತ ಮನೆ. ನಾವು ಗಂಡ ಹೆಂಡತಿ ಹನ್ನೊಂದು ಬಾಡಿಗೆ ಮನೆ ಕಂಡಿದ್ದೇವೆ. ಹನ್ನೊಂದು ಮನೆ ಎಂದರೆ ಹನ್ನೊಂದು ಓನರಮ್ಮಂದಿರು. ಗೋಡೆಗೆ ಮೊಳೆ ಹೊಡೆಯಬಹುದೇ ಎಂದು ಕೇಳಬೇಕು. ನನ್ನ ತಂಗಿ ಬಂದು ಎರಡು ದಿನ ಇರಬಹುದೇ ಎಂದು ಕೇಳಬೇಕು. ಒಬ್ಬಳಂತೂ ಮಹಡಿಯ ಮೇಲೆ ಕೂದಲು ಒಣಗಿಸುವುದಕ್ಕೂ ಅಪ್ಪಣೆ ಪಡೆಯಬೇಕು ಎಂದಿದ್ದಳು. ಬಸ್ಸಿನಲ್ಲಿ ಅರವತ್ತು ಜನರನ್ನು ಒಟ್ಟಿಗೆ ಗದರಿಸುವ ನಾನು ಮನೆಗೆ ಬಂದು ಓನರಮ್ಮನ ಎದುರು ಕೈಕಟ್ಟಿ ನಿಲ್ಲುತ್ತಿದ್ದೆ. ಹೊಟ್ಟೆ ಉರಿದುಹೋಗುತ್ತಿತ್ತು. ಯಾರನ್ನೂ ಏನನ್ನೂ ಕೇಳದೆ ಬದುಕುವುದಕ್ಕೆ ನಾಲ್ಕು ಗೋಡೆ ಬೇಕಿತ್ತು, ಅಷ್ಟೇ.

ನನ್ನ ಬಸ್ಸಿನ ಕೊನೆಯ ಸ್ಟಾಪು ಸಮುದ್ರದ ದಂಡೆಯ ಒಂದು ಸಣ್ಣ ಹಳ್ಳಿ. ಅಲ್ಲೇ ಮನೆ ಸಿಕ್ಕಿತು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಉದ್ದಕ್ಕೆ ಜಗಲಿ. ಜಗಲಿಯಲ್ಲಿ ಕೂತರೆ ಮರಳು, ಮರಳಿನಾಚೆ ಕಪ್ಪು ಬಂಡೆಗಳು, ಬಂಡೆಗಳ ನಡುವಿನ ಸಂದಿಯಲ್ಲಿ ಒಂದೊಂದಾಗಿ ಒಳಗೆ ಬರುವ ಮೀನಿನ ದೋಣಿಗಳು. ಉಪ್ಪುಗಾಳಿಗೆ ಕಿಟಕಿಯ ಸರಳೆಲ್ಲ ತುಕ್ಕು ಹಿಡಿದಿತ್ತು, ಹಿಂಬಾಗಿಲನ್ನು ಭುಜ ಕೊಟ್ಟು ತಳ್ಳಬೇಕಿತ್ತು. ನನಗೆ ಅದೆಲ್ಲ ಕಣ್ಣಿಗೇ ಬೀಳಲಿಲ್ಲ. ಇದೇ ಬೇಕು ಎಂದು ಹಟ ಹಿಡಿದೆ.

ಮಾರಿದವರು ಐಸ್ ಮೇಸ್ತ್ರಿ. ಊರಿನ ಐಸ್ ಫ್ಯಾಕ್ಟರಿಯಲ್ಲಿ ಮೇಸ್ತ್ರಿಯಾಗಿದ್ದು ರಿಟೈರ್ ಆದವರು. ಒಂಟಿ ಜೀವ. ಮೂರು ಮನೆ ಆಚೆಗಿದ್ದ ಅಕ್ಕ, ಒಬ್ಬನೇ ಏನು ಮಾಡ್ತೀಯಾ ಬಾ ಎಂದು ಕರೆದಿದ್ದಕ್ಕೆ ಮನೆ ಮಾರಿ ಅಲ್ಲಿಗೆ ಹೊರಟಿದ್ದರು. ಬೀಗದ ಕೈ ಕೊಡುವ ದಿನ ಜಗಲಿಯಲ್ಲಿ ಅವರು, ಅವರ ಅಕ್ಕ, ಪತ್ರ ಬರೆದುಕೊಟ್ಟ ರೈಟರು, ಅಕ್ಕಪಕ್ಕದ ನಾಲ್ಕು ಜನ, ನಾನು, ನನ್ನ ಗಂಡ ಎಲ್ಲ ನಿಂತಿದ್ದೆವು. ಮೇಸ್ತ್ರಿ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಇಟ್ಟು, ಜಗಲಿಯ ಕಂಬವನ್ನು ಒಮ್ಮೆ ಸವರಿದರು. ಆ ಮನುಷ್ಯನ ಮುಖ ನೋಡಿ ಕರುಳು ಚುರುಕ್ ಎಂದಿತು. ಬಾಯಿ ಜಾರಿತು.

"ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ. ನಿಮ್ಮದೇ ಮನೆ ಅಂದ್ಕೊಳ್ಳಿ. ಯಾವಾಗ ಬೇಕಾದ್ರೂ ಬನ್ನಿ."

ಅವರು ಅಂದುಕೊಂಡರು.

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಜಗಲಿಯಲ್ಲಿ ನಾನು ಆಸೆಪಟ್ಟು ತಂದ ಬೆತ್ತದ ಕುರ್ಚಿಯಲ್ಲಿ ಮೇಸ್ತ್ರಿ. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಫೋನು. "ಸಣ್ಣದು ಐದು, ದೊಡ್ಡದು ಎರಡು, ನಲವತ್ತು ಗಡ್ಡೆ ಒಡೀರಿ" ಎನ್ನುತ್ತಿದ್ದರು. ಆಮೇಲೆ ಗೊತ್ತಾಯಿತು. ದೋಣಿ ದಡ ಮುಟ್ಟುವ ಹೊತ್ತಿಗೆ ಸರಿಯಾಗಿ ಐಸು ಒಡೆದಿರಬೇಕಂತೆ. ಮೊದಲೇ ಒಡೆದರೆ ಕರಗುತ್ತದೆ, ತಡವಾದರೆ ಮೀನು ಕೆಡುತ್ತದೆ. ಬಂಡೆಯ ಸಂದಿ ಕಾಣುವುದು ಊರಿಗೆಲ್ಲ ಈ ಒಂದು ಜಗಲಿಯಿಂದ ಮಾತ್ರ. ರಿಟೈರ್ ಆದ ಮೇಲೂ ಫ್ಯಾಕ್ಟರಿಯವರು ಇವರ ಫೋನಿಗೇ ಕಾಯುತ್ತಿದ್ದರು. ಅಕ್ಕನ ಮನೆಯಿಂದ ಏನು ಕಾಣುತ್ತದೆ ಎಂದು ಕೇಳಿದೆ. ಪಕ್ಕದ ಮನೆಯ ಗೋಡೆ ಎಂದರು.

ಹೋಗಲಿ, ಒಂದು ದಿನ ಎಂದುಕೊಂಡೆ. ಒಂದು ದಿನ ಒಂದು ವಾರವಾಯಿತು, ವಾರ ತಿಂಗಳಾಯಿತು. ಆರಕ್ಕೆ ಬಂದವರು ದೋಣಿಗಳೆಲ್ಲ ಒಳಗೆ ಬಂದ ಮೇಲೂ ಏಳುತ್ತಿರಲಿಲ್ಲ. ನಾನು ಕಿಟಕಿ ತೆಗೆದರೆ, ಎಡಗಡೆ ಸ್ವಲ್ಪ ಎತ್ತಿ ತಳ್ಳಬೇಕು ಎನ್ನುವರು. ಒಲೆಯ ಜಾಗ ಬದಲಾಯಿಸಿದರೆ, ಅಲ್ಲಿ ಗಾಳಿ ಹೊಡೆಯುತ್ತೆ ಎಂದು ತಾವೇ ಎತ್ತಿ ಹಳೆಯ ಜಾಗಕ್ಕೆ ಇಡುವರು. ಪೋಸ್ಟ್‌ಮ್ಯಾನ್ ನನ್ನ ಪಿಂಚಣಿಯ ಕಾಗದ ತಂದು ಅವರ ಕೈಗೆ ಕೊಟ್ಟು ಹೋದ. ಒಂದು ದಿನ ನಾನು ಪೇಟೆಯಿಂದ ಬಂದರೆ, "ಕಂಡಕ್ಟರಮ್ಮ, ಕಾಲಿನ ಮರಳು ಕೊಡವಿ ಒಳಗೆ ಬನ್ನಿ" ಎಂದರು. ಕೊಡವಿದೆ ಕೂಡ. ಕೊಡವಿ ಒಳಗೆ ಹೋದ ಮೇಲೆ ಮೈಯೆಲ್ಲ ಉರಿಯಿತು. ಇದು ಹನ್ನೆರಡನೆಯ ಓನರ್ ಅಲ್ಲದೆ ಮತ್ತೇನು?

ನನ್ನ ಗಂಡ ಗಡಿಯಾರ ರಿಪೇರಿ ಮಾಡುವವರು. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಾರೆ, ಇನ್ನೊಂದು ಕಣ್ಣಿಗೆ ಲೋಕದಲ್ಲಿ ಯಾರೂ ಕೆಟ್ಟವರಾಗಿ ಕಾಣುವುದಿಲ್ಲ. ಅವರನ್ನು ಕೇಳಿದರೆ, ಪಾಪ, ಕೂತ್ಕೊಳ್ಳಲಿ ಬಿಡೆ ಎಂದರು. ಅವರಿಗೇನು, ಹರಟೆಗೆ ಜೊತೆ ಸಿಕ್ಕಿತ್ತು.

ರೈಟರ ಹತ್ತಿರ ಹೋದೆ. ಪತ್ರ ತೆಗೆದು ಓದಿದರು. ನೆಲ, ಗೋಡೆ, ಮಾಡು, ಜಗಲಿ ಎಲ್ಲ ನನ್ನದೇ, ಅನುಮಾನವೇ ಇಲ್ಲ ಎಂದರು. ಹಾಗಾದರೆ ಅವರನ್ನು ಎಬ್ಬಿಸಬಹುದಲ್ಲ ಎಂದೆ. ರೈಟರು ಕನ್ನಡಕ ತೆಗೆದು ಒರೆಸಿದರು.

"ಪತ್ರಕ್ಕೂ ನಾನೇ ಸಾಕ್ಷಿ, ನೀವು ಆಡಿದ ಮಾತಿಗೂ ನಾನೇ ಸಾಕ್ಷಿ. ಈಗ ಯಾವ ಬಾಯಲ್ಲಿ ಏನು ಹೇಳ್ಲಿ, ನೀವೇ ಹೇಳಿ."

ನಾಲ್ಕು ದಿನ ಬಾರದಿದ್ದರೆ ಅಭ್ಯಾಸ ತಪ್ಪೀತೆಂದು ಕೊನೆಗೆ ಒಂದು ಉಪಾಯ ಮಾಡಿದೆ. ನಾವು ನಾಲ್ಕು ದಿನ ತಂಗಿ ಮನೆಗೆ ಹೊರಟಿದ್ದೇವೆ, ಮನೆಗೆ ಬೀಗ ಹಾಕಿರುತ್ತದೆ ಎಂದು ಮೇಸ್ತ್ರಿಗೆ ಸುಳ್ಳು ಹೇಳಿದೆ. ಅವರು ಸಂತೋಷವಾಗಿ, ಆರಾಮಾಗಿ ಹೋಗಿಬನ್ನಿ, ಮನೆ ಕಡೆ ನಾನಿದ್ದೇನೆ ಎಂದರು. ಆಡಿದ ಸುಳ್ಳಿಗೆ ಬೆಲೆ ಕೊಡಬೇಕಲ್ಲ, ಪೆಟ್ಟಿಗೆ ಹಿಡಿದು ನಿಜವಾಗಿಯೂ ಹೊರಟೆವು. ನಾಲ್ಕು ದಿನ ತಂಗಿಯ ಗಂಡನ ಗೊರಕೆ ಕೇಳಿ ವಾಪಸು ಬಂದರೆ, ಮೇಸ್ತ್ರಿ ಮಾಡಿನ ಹೆಂಚು ಸರಿಸಿ, ಸೋರುವ ಕಡೆಯೆಲ್ಲ ರಿಪೇರಿ ಮಾಡಿಸಿ ಇಟ್ಟಿದ್ದರು. ಬೈಯಬೇಕೋ ಕೈ ಮುಗಿಯಬೇಕೋ ತಿಳಿಯದೆ ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ನಾನು, ಬಾಯಿ ಮುಚ್ಚಿಕೊಂಡು!

ಬಣ್ಣದ ದಿನ ಮಾತ್ರ ಕಟ್ಟೆ ಒಡೆಯಿತು. ಜಗಲಿಯ ಗೋಡೆಗೆ ಹಳದಿ ಬಳಿಯಬೇಕೆಂದು ಪೇಂಟರಿಗೆ ಹತ್ತು ಸಲ ಹೇಳಿ ತರಕಾರಿ ತರಲು ಹೋಗಿದ್ದೆ. ಬಂದು ನೋಡಿದರೆ ಅರ್ಧ ಗೋಡೆ ನೀಲಿ. ಯಾಕಯ್ಯ ಎಂದರೆ ಪೇಂಟರು ಬ್ರಷ್ಷಿನಲ್ಲೇ ಕುರ್ಚಿಯ ಕಡೆ ತೋರಿಸಿದರು. ಈ ಮನೆ ಯಾವತ್ತೂ ನೀಲಿಯೇ, ಹಳದಿ ಬಳಿದರೆ ಔಷಧದ ಅಂಗಡಿ ಥರ ಕಾಣುತ್ತದೆ ಎಂದು ಮೇಸ್ತ್ರಿ ಸಮಾಧಾನವಾಗಿ ವಿವರಿಸಿದರು. ತರಕಾರಿ ಚೀಲ ಕೆಳಗೆ ಕುಕ್ಕಿದೆ.

"ಈ ಮನೆ ನಂದು, ಮೇಸ್ತ್ರಿ. ನಿಮ್ದಲ್ಲ. ಅವತ್ತು ಅಂದಿದ್ದು ಬಾಯಿಮಾತಿಗೆ. ಯಾರಾದ್ರೂ ಅದನ್ನ ನಿಜ ಅಂದ್ಕೋತಾರಾ?"

ಮೇಸ್ತ್ರಿ ನನ್ನ ಮುಖವನ್ನೇ ನೋಡಿದರು. ಒಳಗೆ ಗಂಡ ಗಡಿಯಾರಕ್ಕೆ ಕೀ ಕೊಡುತ್ತಿದ್ದ ಸದ್ದು ನಿಂತಿತು.

"ಬಾಯಿಮಾತಿಗಾ?" ಎಂದರು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಆಮೇಲೆ ಎದ್ದರು. ಕುರ್ಚಿಯನ್ನು ಮೊದಲು ನಾನು ಇಟ್ಟಿದ್ದ ಜಾಗಕ್ಕೆ ಸರಿಸಿದರು. ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ಇಳಿದು, ತಿರುಗಿ ನಿಂತರು.

"ಹೋಗ್ತೀನಿ, ಕಂಡಕ್ಟರಮ್ಮ."

ಸಾವಿನ ಮನೆಯಿಂದ ಏಳುವವರೂ ಒಂದು ಮಾತು ಆಡದೆ ಎದ್ದು ನಡೆಯುತ್ತಾರೆಯೇ ಹೊರತು ಈ ಮಾತು ಆಡುವುದಿಲ್ಲ. ನನ್ನ ತಾಯಿ, ತಾಯಿಯ ತಾಯಿ ಎಲ್ಲ ಒಟ್ಟಿಗೆ ನನ್ನ ಗಂಟಲಲ್ಲಿ ಬಂದು ಕೂತರು.

"ಹೋಗ್ತೀನಿ ಅನ್ಬಾರ್ದು," ಎಂದುಬಿಟ್ಟೆ. "ಬರ್ತೀನಿ ಅನ್ನಿ."

ಅವರು ಒಂದು ಗಳಿಗೆ ಯೋಚಿಸಿದರು. ದೊಡ್ಡವರು ಹೇಳಿಕೊಟ್ಟಿದ್ದನ್ನು ಒಪ್ಪಿಸುವ ಮಗುವಿನ ಹಾಗೆ, "ಬರ್ತೀನಿ" ಎಂದರು.

"ಹ್ಞಾಂ, ಬನ್ನಿ," ಎಂದೆ.

ಪೇಂಟರು ಕಿಸಕ್ಕನೆ ನಕ್ಕು ಗೋಡೆಯ ಕಡೆ ತಿರುಗಿಕೊಂಡರು. ಒಳಗಿನಿಂದ ಗಂಡನ ನಗು ಕೇಳಿಸಿತು. ಈ ನಾಲಿಗೆಯನ್ನು ಏನು ಮಾಡಲಿ ಹೇಳಿ. ಎಬ್ಬಿಸಿ ಕಳಿಸಿದ್ದೂ ಅದೇ, ಕರೆದಿದ್ದೂ ಅದೇ. ಆ ದಿನವೆಲ್ಲ ಸಿಟ್ಟು ಒಂದು ಪಾಲು, ಸಂಕಟ ಮೂರು ಪಾಲು. ಆ ಮನುಷ್ಯ ನನ್ನ ಮಾತನ್ನು ನಂಬಿದ್ದೇ ತಪ್ಪು ಎಂದು ನಾನೇ ಹೇಳಿದ್ದೆನಲ್ಲ.

ಮರುದಿನ ಆರಕ್ಕೆ ಬಾಗಿಲು ತೆಗೆದೆ. ಕುರ್ಚಿ ಖಾಲಿ. ನೋಡಿದರೆ, ಮೇಸ್ತ್ರಿ ಗೇಟಿನಾಚೆ ಮರಳಿನಲ್ಲಿ ನಿಂತಿದ್ದಾರೆ. ದಿನವೂ ತಾವೇ ಚಿಲಕ ತೆಗೆದು ಬರುತ್ತಿದ್ದವರು ಚಿಲಕಕ್ಕೆ ಕೈ ಹಾಕಿರಲಿಲ್ಲ.

"ಕಂಡಕ್ಟರಮ್ಮ, ಒಳಗೆ ಬರ್ಬಹುದಾ?"

ಈ ಪ್ರಶ್ನೆಯನ್ನು ನನ್ನ ಆಯುಷ್ಯದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳುತ್ತಿದ್ದವಳು ಯಾವಾಗಲೂ ನಾನು. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣು ತುಂಬಿ ಬಂತು. ಪತ್ರಕ್ಕೆ ಸಹಿ ಹಾಕಿದಾಗಲೂ ಬೀಗದ ಕೈ ಹಿಡಿದಾಗಲೂ ಹೀಗೆ ಅನ್ನಿಸಿರಲಿಲ್ಲ. ಮನೆ ನನ್ನದಾಯಿತು.

ಹಾಗೆಂದು ತಕ್ಷಣ ಹೂಂ ಎನ್ನಲಿಲ್ಲ. ಆ ಸುಖ ಮತ್ತೆ ಸಿಗುತ್ತದೆಯೇ? ಕೈ ಒರೆಸಿಕೊಂಡೆ. ಪೊರಕೆ ತಂದು ಜಗಲಿ ಗುಡಿಸಿದೆ. ಅವರು ಅಲ್ಲಾಡದೆ ನಿಂತಿದ್ದರು. ಬಂಡೆಯ ಸಂದಿಯಲ್ಲಿ ಮೊದಲ ದೋಣಿಯ ಮೂತಿ ಕಂಡಿತು. ಅದರ ಇಂಜಿನ್ನಿನ ಸದ್ದು ಕೇಳಿ ಮೇಸ್ತ್ರಿ ಕತ್ತು ಉದ್ದ ಮಾಡಿದರು, ಗೇಟಿನಿಂದ ಅದು ಕಾಣುವುದಿಲ್ಲ. ನಾನು ಮೆಟ್ಟಿಲಿಳಿದು ಅವರ ಎದುರಿಗೆ ಹೋಗಿ ನಿಂತೆ.

"ಯೋಚನೆ ಮಾಡಿ ಹೇಳ್ತೀನಿ," ಎಂದೆ, ಥೇಟ್ ಓನರಮ್ಮನ ಧಾಟಿಯಲ್ಲಿ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಕೈ ಚಿಲಕ ತೆಗೆದಿತ್ತು.