ಮಗ್ಗುಲ ಹೊಲಿಗೆ

ಬೈಲಹೊಂಗಲದಲ್ಲಿ ಅರವತ್ತು ದಾಟಿದ ಹೆಂಗಸು ತೆಳ್ಳಗಾದರೆ ಕಾರಣ ಎರಡೇ: ಒಂದು ಸಕ್ಕರೆ ಕಾಯಿಲೆ, ಇನ್ನೊಂದು ಸೊಸೆ. ಶೈಲಜಾಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಹಾಗಾಗಿ ಓಣಿಯವರು ಸೊಸೆ ಮಧುವನ್ನು ಹಿಡಿದುಕೊಂಡರು. "ಅತ್ತೀಗೆ ಹೊಟ್ಟಿತುಂಬ ಹಾಕ್ತೀಯೋ ಇಲ್ಲೋ, ತಂಗಿ?" ಅತ್ತೆ ತಾನಾಗಿಯೇ ಮೈ ಇಳಿಸಿದ್ದು ಎಂದು ಆ ಹುಡುಗಿ ಹಾಲಿನವನಿಗೂ ಹೇಳಿ ನೋಡಿದಳು. ಅವನೂ ನಂಬಲಿಲ್ಲ.

ಇಳಿಸಲು ಕಾರಣ ಒಂದು ಮದುವೆಯ ಪಂಕ್ತಿ. ಉಂಡು ಏಳಲಾರದೆ ಕುಂತ ಶೈಲಜಾಳನ್ನು ಇಬ್ಬರು ರಟ್ಟೆ ಹಿಡಿದು ಎತ್ತುವಾಗ ಹಿಂದಿನಿಂದ ಯಾರೋ, ಬಂಡೆ ಎತ್ತುವವರಂತೆ, "ಐಸಾ!" ಎಂದಿದ್ದರು. ಪಂಕ್ತಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಗಂಡ ಅಂದಾನೆಪ್ಪ.

ಮಾರನೆಯ ದಿನದಿಂದ ಒಂದೇ ರೊಟ್ಟಿ, ಬೆಳಗು ಸಂಜೆ ದೊಡವಾಡದ ರಸ್ತೆಯಲ್ಲಿ ನಡಿಗೆ. ಇಳಿಸುವ ವರ್ಷ ಊರಿಗೂ ಒಂದು ಮೋಜಿತ್ತು. ಇಳಿದದ್ದನ್ನು ಉಳಿಸಿಕೊಂಡ ಎರಡು ವರ್ಷ ನೋಡುವವರೇ ಇರಲಿಲ್ಲ. ಅದೇ ರೊಟ್ಟಿ, ಅದೇ ರಸ್ತೆ, ಕಂಡಕಂಡಲ್ಲಿ ಅದೇ "ಇವತ್ತೊಂದ ದಿನಾ ತಿನ್ರಿ". ಕಾಳಿನ ವ್ಯಾಪಾರಿ ಅಂದಾನೆಪ್ಪ ಮಾತ್ರ ಹೆಂಡತಿಯನ್ನು ಪೇಟೆಯ ಧಾರಣೆಯಂತೆ ನೋಡುತ್ತಿದ್ದ. "ಇಳದದ್ದು ಏರದs ಇರತೈತೇನ?" ಎನ್ನುತ್ತಿದ್ದ. ಅವಳು ದಪ್ಪಗಿದ್ದಾಗ ತೊಡುತ್ತಿದ್ದ ಕುಬಸಗಳ ಗಂಟನ್ನು ಯಾರಿಗೂ ಕೊಡಗೊಡಲಿಲ್ಲ.

ಸವದತ್ತಿಯಲ್ಲಿ ತಂಗಿಯ ಮಗಳ ಸೀಮಂತ. ಅದಕ್ಕೆಂದು ಶೈಲಜಾ ಹೊಸ ಕುಬಸಕ್ಕೆ ಅಳತೆ ಕೊಡಲು ಜೈಬುನ್ನಿಸಾಳ ಹೊಲಿಗೆ ಅಂಗಡಿಗೆ ಹೋದಳು. ಮುಂದೆ ಮೈ ಬಂದರೆ ಬಿಚ್ಚಿ ಸಡಿಲಿಸಲೆಂದು ಜೈಬುನ್ನಿಸಾ ಅವಳ ಕುಬಸದ ಮಗ್ಗುಲಲ್ಲಿ ಮೂರು ಬೆರಳು ಬಟ್ಟೆ ಒಳಗೆ ಮಡಚಿ ಬಿಡುತ್ತಿದ್ದಳು. ಮೊದಲೆಲ್ಲ ವರ್ಷಕ್ಕೊಂದು ಹೊಲಿಗೆ ಬಿಚ್ಚುವುದು ವಾಡಿಕೆಯೇ ಆಗಿತ್ತು.

"ಈ ಸಲ ಬಟ್ಟಿ ಬಿಡಬ್ಯಾಡ, ಜೈಬುನ್ನಿಸಾ."

"ಮತ್ತ ಬಿಚ್ಚೂದಾದ್ರ, ಅಕ್ಕಾರ?"

"ಬಿಚ್ಚೂದಿಲ್ಲ."

ಸೀಮಂತದ ಹಿಂದಿನ ದಿನ ಕುಬಸ ಸಿದ್ಧವಾಯಿತು. ಶೈಲಜಾ ಅಂಗಡಿಯಲ್ಲೇ ಅದನ್ನು ಒಳಮಗ್ಗುಲು ತಿರುವಿ ನೋಡಿದಳು. ಎರಡೂ ಕಡೆ ಮೂರು ಮೂರು ಬೆರಳು ಬಟ್ಟೆ, ಇಸ್ತ್ರಿ ಹಾಕಿಸಿಕೊಂಡು ಆರಾಮಾಗಿ ಮಲಗಿತ್ತು.

"ಏನಿದು?"

ಜೈಬುನ್ನಿಸಾ ಮಶೀನಿನ ಗಾಲಿಯ ಕಡೆ ನೋಡಿದಳು. "ನಿಮ್ಮನಿ ಸಾವ್ಕಾರ್ರು ಫೋನ್ ಮಾಡಿದ್ರ್ರಿ. ಆಕಿ ಹಟಕ್ಕ ಹೇಳಿರತಾಳ, ನೀ ಬಟ್ಟಿ ಬಿಡು, ದೀಪಾವಳಿ ಹೊತ್ತಿಗೆ ಬೇಕಾಕ್ಕೈತಿ ಅಂದ್ರು. ನಕ್ಕೋಂತ ಅಂದ್ರ್ರಿ."

"ನಕ್ಕೋಂತ ಅಂದ್ರಾ? ಕುಬಸಾ ಅವರಿಗೆ ಹೊಲದೀಯೋ, ನನಗೋ?"

"ತಪ್ಪಾತ್ರಿ, ಅಕ್ಕಾರ."

"ಕತ್ರಿ ಕೊಡಿಲ್ಲೆ."

"ಹೊಲಗೀಗೆ ಹತ್ಕೊಂಡ ಕತ್ತರಿಸಬ್ಯಾಡ್ರಿ, ಎಳಿ ಬಿಡ್ತಾವು! ಉಗುರಿನಷ್ಟರೆ ಇರಲ್ರಿ!"

ಶೈಲಜಾ ಉಗುರಿನಷ್ಟು ಬಿಟ್ಟು ಉಳಿದದ್ದನ್ನು ಕತ್ತರಿಸಿದಳು. ಸಿಟ್ಟಿನಲ್ಲೂ ಕತ್ತರಿ ಸೊಟ್ಟ ಹೋಗಲಿಲ್ಲ.

ಮನೆಯಲ್ಲಿ ಅಂದಾನೆಪ್ಪ ನೆಲದ ಮೇಲೆ ಊಟಕ್ಕೆ ಕುಂತಿದ್ದ. ಶೈಲಜಾ ಎದುರಿಗೇ ಕುಂತು, ಕತ್ತರಿಸಿದ ಪಟ್ಟಿಗಳನ್ನು ತಾಟಿನ ಪಕ್ಕ, ಉಪ್ಪಿನಕಾಯಿ ಇಡುವಂತೆ ಇಟ್ಟಳು.

"ತಗೋರಿ. ಬಟ್ಟಿ ಬಿಡಸಿದ್ರಲ್ಲ, ಜ್ವಾಕಿ ಮಾಡ್ರಿ."

ಅಂದಾನೆಪ್ಪ ತಾಟನ್ನು ಪಟ್ಟಿಗಳಿಂದ ತುಸು ಈಚೆ ಸರಿಸಿಕೊಂಡ. "ಅಲ್ಲs, ಚೇಷ್ಟಿಗೆ ಅಂದೆ. ನಾಳೆ ಖರೇನ ಮೈ ಬಂತಂದ್ರ ಉಪಯೋಗ ಆಕ್ಕಿತ್ತಲ್ಲ, ಮಾರಾಯ್ತಿ?"

"ಬಂದ್ರ ಬರಲಿ! ವಯಸ್ಸಾದ ಜೀವ, ಬರಬಹುದು. ಹೊಸಾದ ಹೊಲಿಸ್ತೇನಿ. ಆದ್ರ ನೀವು ಎರಡ ವರ್ಷ ನನ್ನ ಎದುರಿಗೆ ಕುಂತು, ನಾ ಒಂದ ರೊಟ್ಟಿ ತಿನ್ನೂದ ನೋಡಿ, ಯಾವಾಗ ಸೋಲ್ತಾಳ ಅಂತ ಕಾಯಾಕ ಹತ್ತೀರಿ. ಚೆಂದ ಆತು ಅಂತ ಒಂದ ಮಾತ ಆಡಲಿಲ್ಲ. ಐಸಾ ಅಂದಾಗ ಮಾತ್ರ ಬಾಯಿತುಂಬ ನಕ್ರಿ."

ಅಡಿಗೆಮನೆಯಿಂದ ಬಂದ ಮಧು ತುಪ್ಪದ ಗಿಂಡಿ ಹಿಡಿದು ಬಾಗಿಲಲ್ಲೇ ನಿಂತಳು. "ಮಧು, ಆ ಕುಬಸದ ಗಂಟು ತಗದ ಹೊರಗಿಡವ್ವಾ," ಎಂದಳು ಶೈಲಜಾ. "ಬೇಕಾದವರು ಒಯ್ಯಲಿ."

ಎಂದವಳೇ ಏಳಲು ಹೊರಟಳು. ಎಷ್ಟೋ ವರ್ಷಗಳ ರೂಢಿ, ಅಂದಾನೆಪ್ಪನ ಎಡಗೈ ತಾನಾಗಿಯೇ ಅವಳ ರಟ್ಟೆಯ ಕಡೆ ಚಾಚಿತು. ಅಷ್ಟರಲ್ಲಿ ಶೈಲಜಾ ಎದ್ದು ನಿಂತಿದ್ದಳು. ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿ ಹಾಗೇ ಇತ್ತು. ಆಮೇಲೆ, ಬೇರೆ ಕೆಲಸ ತೋಚದೆ, ಪಟ್ಟಿಗಳನ್ನು ಒಂದೊಂದಾಗಿ ಮಡಚತೊಡಗಿತು.