ಹಮ್ಮನ ಬಾಯಿಗೆ ಬಿಟ್ಟ ಹನಿ

ದುರ್ಗ ಲುಂಗಿಯ ಮಡಿಕೆಯಿಂದ ಕ್ವಾರ್ಟರ್ ಬಾಟಲಿ ತೆಗೆದು, ಅಣ್ಣನ ಹೆಣದ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತಿರುವಿದ.

"ಎಂತದು ದುರ್ಗ?" ಬಂಗಾರಿ ಕೇಳಿದಳು.

"ಅಣ್ಣಂಗೆ ಪ್ರೀತಿದ್ದು ಅತ್ಗೆ. ಬಾಯಿಗೆ ಬರೀ ನೀರು ಬಿಟ್ಟು ಕಳ್ಸಿದ್ರೆ ಎದ್ದು ಬಯ್ತ."

ಅಂಗಳದಲ್ಲಿ ಯಾರೋ ನಕ್ಕು, ಕೂಡಲೇ ಕೆಮ್ಮಿ ಮುಚ್ಚಿಕೊಂಡರು. ಚಟ್ಟದ ಮೇಲೆ ಮಲಗಿದ್ದ ಹಮ್ಮನ ಕೈಕಾಲು ಕಡ್ಡಿಯಾಗಿದ್ದವು. ಹೊಟ್ಟೆ ಮಾತ್ರ ಹೊದಿಕೆಯಡಿ ಗುಡ್ಡದಂತಿತ್ತು. ಮೈಯ ಹಳದಿ ಸತ್ತ ಮೇಲೂ ಇಳಿದಿರಲಿಲ್ಲ.

ಕುಮಟೆ ಪೇಟೆಯಲ್ಲಿ ಖಾನಾವಳಿ ನಡೆಸುವ ಮಂಗಲಕ್ಕನೂ ಬಂದಿದ್ದಳು. ದಿನಾ ಇವರ ಸೊಪ್ಪು ಕೊಳ್ಳುತ್ತಿದ್ದವಳು ಅವಳೇ. "ಇಂಥಾ ಹರಿವೆ ಬೆಳೆಯೋನು, ಕುಡಿದು ಲಿವರ್ ಸುಟ್ಕಂಡ ನೋಡು," ಎಂದು ಲೊಚಗುಟ್ಟಿದಳು. ಆಮೇಲೆ ಬಂಗಾರಿಯ ಕಿವಿಯ ಹತ್ತಿರ ಬಗ್ಗಿ, "ಸೂತಕದ ದಿನ ಎಲ್ಲ ಮುಗಿದ ಮೇಲೆ ಸೊಪ್ಪು ನಂಗೇ ತರ್ಬೇಕು, ಆತಾ? ಬೇರೆಯವರಿಗೆ ಕೊಡ್ಬೇಡ."

ಬಂಗಾರಿ ತಲೆಯಾಡಿಸಿದಳು. ಕಣ್ಣು ಬಾಟಲಿಯ ಮೇಲೆಯೇ ಇತ್ತು.

*

ತೆಂಗಿನ ಮರದಿಂದ ಬಿದ್ದು ತೊಡೆ ಮುರಿದಾಗ ಹಮ್ಮನಿಗೆ ರಕ್ತ ಏರಿಸಿದ್ದರು. ಮಗಳು ಬೆಳ್ಳಿ ಆಗಿನ್ನೂ ತೊಟ್ಟಿಲಲ್ಲಿದ್ದಳು. ರೋಗ ಆ ರಕ್ತದ ಜೊತೆಗೇ ಬಂದಿರಬೇಕು ಎಂದು ಡಾಕ್ಟರು ಹೇಳುವ ಹೊತ್ತಿಗೆ ಅವಳೇ ಎರಡು ಮಕ್ಕಳ ತಾಯಿ. ಗುಳಿಗೆಗೆ ವೈರಸ್ ಸತ್ತಿತು, ಆದರೆ ಲಿವರ್ ಅಷ್ಟರಲ್ಲಿ ಗಂಟುಗಟ್ಟಿತ್ತು. ಹೊಟ್ಟೆಯ ನೀರು ತೆಗೆಸಲು ಹೊನ್ನಾವರ, ಭಟ್ಕಳ ದಾಟಿ ದೂರದ ಆಸ್ಪತ್ರೆಗೆ ಗಾಡಿ ಮಾಡಿಕೊಂಡು ಹೋಗುವುದು, ಬರುವುದು, ನೀರು ಮತ್ತೆ ತುಂಬುವುದು. ಹಾಗೇ ಎಮ್ಮೆ ಹೋಯಿತು, ಗದ್ದೆ ಹೋಯಿತು. ಮನೆಯ ಹಿಂದಿನ ಸೊಪ್ಪಿನ ಮಡಿಗಳಷ್ಟೇ ಉಳಿದವು.

"ಎಂತ ಕಾಯ್ಲೆ ಅಂತ ಜನ ಕೇಳ್ತರೆ. ಎಂತ ಹೇಳೂದು?" ಹಾಗೆ ವಾಪಸು ಬರುವಾಗ ಒಮ್ಮೆ ಬಂಗಾರಿ ಗಂಡನನ್ನು ಕೇಳಿದ್ದಳು.

"ಕುಡ್ದು ಹಾಳಾದ ಅಂತ ಹೇಳು."

"ಬಾಟ್ಲಿ ಮೂಸಿಯೂ ನೋಡಿಲ್ಲ, ಕುಡ್ದದ್ದು ಯಾವಾಗ?"

"ಕುಡುಕ ಅಂದ್ರೆ ಬಯ್ತರೆ, ಆದ್ರೂ ಸೊಪ್ಪು ತಗಣ್ತರೆ. ರಕ್ತದಾಗೇ ರೋಗ ಅದೆ ಅಂದ್ರೆ ನಮ್ಮ ಬುಟ್ಟಿ ಮುಟ್ಟೋರು ಯಾರು?"

ಸೊಪ್ಪಿನಿಂದ ಅದು ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು, ನಿಜ. ಆದರೆ ಡಾಕ್ಟರೇನು ಸಂತೆಯಲ್ಲಿ ಅವಳ ಪಕ್ಕ ಕೂತು ಹೇಳುತ್ತಾರೆಯೇ? ಅಲ್ಲಿಂದ ಮುಂದೆ ಪೇಟೆಗೆ ಹೋಗುವ ದಿನ ಹಮ್ಮ ಅಂಗಿಯ ಕಾಲರಿಗೆ ಎರಡು ಹನಿ ಸಾರಾಯಿ ಸವರಿಕೊಳ್ಳುತ್ತಿದ್ದ. ಆ ವಾಸನೆಗೆ ದಾರಿಯಲ್ಲಿ ಅವನಿಗೇ ಓಕರಿಕೆ ಬರುತ್ತಿತ್ತು. ಕಂಡವರು, "ಬೆಳಿಗ್ಗೆನೇ ಹಾಕ್ಯಾನೆ," ಎನ್ನುತ್ತಿದ್ದರು.

*

ಬೆಳ್ಳಿ ತಾಯಿಯ ತೋಳು ಜಗ್ಗಿದಳು. "ಅವ್ವಾ, ಬೇಡ ಅನ್ನು. ಅಪ್ಪ ಕುಡೀತಿರ್ಲಿಲ್ಲ ಅಂತ ಈಗಾದ್ರೂ ಹೇಳು."

ಮಂಗಲಕ್ಕ ಇತ್ತಲೇ ನೋಡುತ್ತಿದ್ದಳು. ಬಂಗಾರಿ ಮಗಳ ಕೈಯನ್ನು ಗಟ್ಟಿಯಾಗಿ ಅದುಮಿದಳು.

"ಹಾಕು ದುರ್ಗ."

ದುರ್ಗ ಬಗ್ಗಿಸಿದ. ಕಚ್ಚಿಕೊಂಡ ಹಲ್ಲು ದಾಟಿ ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಎಲ್ಲವೂ ತುಟಿಯ ಅಂಚಿನಿಂದ ಕೆನ್ನೆಗೆ, ಕೆನ್ನೆಯಿಂದ ಕುತ್ತಿಗೆಗೆ ಹರಿಯಿತು.

"ಇವತ್ತೊಂದಿನ ಬೇಡ ಅಂತಾನಲ್ಲ ಮಾರಾಯ!" ಎಂದ ಯಾರೋ.

ಬಂಗಾರಿ ಕೂತು ಸೆರಗಿನಿಂದ ಗಂಡನ ಬಾಯಿ ಒರೆಸಿದಳು. ಕೆನ್ನೆ, ಕುತ್ತಿಗೆ, ಮತ್ತೆ ಬಾಯಿ. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು. ಚಟ್ಟಕ್ಕೆ ಕೈ ಹಚ್ಚಿದವರು ಬಗ್ಗಿಕೊಂಡೇ ಕಾದರು.